ಕಣ್ಣು ತೆರೆಸುತ್ತಿದ್ದ ಮುನಿಲಕ್ಷ್ಮಮ್ಮ

ನಾನು ಟೈಲರು, ಹೆಸರು ಪಿಳ್ಳಣ್ಣ. ಹೊಸಕೋಟೆ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನನ್ನ ಅಂಗಡಿ. ನನ್ನ ಬಾಯಿ ಜೋರು ಅನ್ನುವುದು ಊರಿಗೆಲ್ಲ ಗೊತ್ತು. ಅಳತೆ ಕೊಡುವಾಗ ಹೊಟ್ಟೆ ಒಳಗೆಳೆದುಕೊಂಡು ನಿಲ್ಲುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ‘ಉಸಿರು ಬಿಡಯ್ಯಾ, ಪ್ಯಾಂಟು ಹಾಕ್ಕೊಳ್ಳೋನು ನೀನೇ ತಾನೆ’ ಎಂದು ಮುಖಕ್ಕೇ ಹೇಳಿಬಿಡುತ್ತೇನೆ. ಇಂಥ ನಾನು ಮಾತೇ ಹೊರಡದೆ ನಿಂತದ್ದು ಬದುಕಿನಲ್ಲಿ ಬೆರಳೆಣಿಕೆಯಷ್ಟು ಸಲ. ಅದರಲ್ಲಿ ಹೆಚ್ಚಿನವು ಪಕ್ಕದ ಅಂಗಡಿಯ ಮುನಿಲಕ್ಷ್ಮಮ್ಮನ ಎದುರಿಗೆ.

ಪಕ್ಕದ್ದು ಫೋಟೋ ಸ್ಟುಡಿಯೋ. ಶುರು ಮಾಡಿದವನು ಅವಳ ಗಂಡ ಮುನಿರಾಮಯ್ಯ. ಅವನು ಮುಂದೆ ನಿಂತು ಫೋಟೋ ಹೊಡೆಯುವವನು, ಇವಳು ಹಿಂದಿನ ಕತ್ತಲೆ ಕೋಣೆಯಲ್ಲಿ ಫಿಲಂ ತೊಳೆದು ಪ್ರಿಂಟ್ ಹಾಕುವವಳು. ಆ ಕೋಣೆಯ ಬಾಗಿಲಿಗೆ ಕಪ್ಪು ಪರದೆ ಹೊಲಿದುಕೊಟ್ಟವನು ನಾನು. ಎರಡು ಪದರ ಹಾಕಿ ಹೊಲಿದಿದ್ದರೂ ‘ಅಣ್ಣಾ, ಸೂಜಿ ಹೋದ ತೂತಲ್ಲೂ ಬೆಳಕು ಬರ್ತೈತೆ’ ಎಂದು ವಾಪಸು ಕಳಿಸಿದಳು. ನನಗೆ ಪಿತ್ತ ನೆತ್ತಿಗೇರಿತು. ಪರದೆ ಹೆಗಲ ಮೇಲೆ ಹಾಕಿಕೊಂಡು ಜಗಳಕ್ಕೇ ಹೋದೆ.

‘ಬಂದ್ರಲ್ಲ, ಒಳಗೆ ಬನ್ನಿ. ಬಾಗಿಲು ಹಾಕಿ, ಮಾತಾಡಬೇಡಿ’ ಎಂದಳು.

ಒಳಗೆ ಒಂದು ಕೆಂಪು ಬಲ್ಬು, ಮೂಗಿಗೆ ಹುಳಿ ವಾಸನೆ. ತಟ್ಟೆಯಲ್ಲಿ ನೀರಿನಂಥದ್ದೇನೋ ಇತ್ತು, ಅದರೊಳಗೆ ಬರೀ ಬಿಳಿ ಕಾಗದ. ಅವಳು ತಟ್ಟೆಯ ಒಂದು ತುದಿಯನ್ನು ಮೆಲ್ಲಗೆ ಎತ್ತಿ ಇಳಿಸುತ್ತಿದ್ದಳು. ಕಾಗದದ ಮೇಲೆ ಒಂದು ಮೀಸೆ ಬಂತು. ಬರೀ ಮೀಸೆ. ಆಮೇಲೆ ಹುಬ್ಬು, ಕೂದಲು, ಕಣ್ಣು. ಆಮೇಲೆ ನೋಡಿದರೆ ನಾನು! ಮೆಷಿನ್ನಿನ ಮುಂದೆ ಕೂತ ನಾನು. ಮುನಿರಾಮಯ್ಯ ಯಾವಾಗಲೋ ಹೊಡೆದಿದ್ದನಂತೆ. ನನ್ನ ತಾಯಾಣೆ, ನಾನು ಹುಟ್ಟಿದ್ದನ್ನು ನಾನೇ ಕಂಡ ಹಾಗಾಯಿತು. ಜಗಳ ಮರೆತು ಅಂಗಡಿಗೆ ವಾಪಸು ಬಂದು ಪರದೆಗೆ ಮೂರನೆಯ ಪದರ ಹೊಲಿದೆ. ಅದಕ್ಕೆ ಕೂಲಿಯನ್ನೂ ಕೇಳಲಿಲ್ಲ.

ನಮ್ಮ ಕಡೆ ಆಗ ಬದುಕಿದ್ದಾಗ ಫೋಟೋ ತೆಗೆಸಿಕೊಂಡ ಹಿರಿಯರು ಕಡಿಮೆ. ಸತ್ತ ಮೇಲೆ ಮೈ ತೊಳೆದು, ಹೊಸ ಬಟ್ಟೆ ಉಡಿಸಿ, ಗೋಡೆಗೆ ಒರಗಿಸಿ ಕೂರಿಸಿ, ಹಾರ ಹಾಕಿ, ಆಗ ಫೋಟೋದವರನ್ನು ಕರೆಯುವುದು. ಮಕ್ಕಳು ಮೊಮ್ಮಕ್ಕಳು ಅಕ್ಕಪಕ್ಕ ನಿಲ್ಲುತ್ತಿದ್ದರು. ಯಾವ ಮನೆಗೆ ಹೋದರೂ ಗೋಡೆಯ ಮೇಲೆ ಕಣ್ಣು ಮುಚ್ಚಿಕೊಂಡ ತಾತನೋ ಅಜ್ಜಿಯೋ. ಕೆಲವರು ಸ್ಟುಡಿಯೋಗೆ ಬಂದು ‘ಕಣ್ಣು ತೆರೆಸಿಕೊಡಿ’ ಎನ್ನುವರು. ಅದು ಮುನಿಲಕ್ಷ್ಮಮ್ಮನ ಕೆಲಸ. ‘ಅವ್ರ ಕಣ್ಣು ಯಾರಿಗೆ ಬಂದೈತೆ?’ ಎಂದು ಕೇಳುವಳು. ಮನೆಯವರು ಮಗನನ್ನೋ ಮಗಳನ್ನೋ ಮುಂದೆ ತಳ್ಳುವರು. ಅವರನ್ನು ಕಿಟಕಿಯ ಬೆಳಕಿಗೆ ಕೂರಿಸಿ, ನೋಡಿ ನೋಡಿ, ಕೂದಲೆಳೆಯಂಥ ಕುಂಚದಲ್ಲಿ ಸತ್ತವರಿಗೆ ಕಣ್ಣು ಬರೆಯುವಳು. ದಾಂಡಿಗರಂಥ ಗಂಡಸರು ಆ ಫೋಟೋ ನೋಡಿ ಅಂಗಡಿಯಲ್ಲೇ ಕುಸಿದು ಕೂತು ಅತ್ತಿದ್ದನ್ನು ನಾನು ಕಂಡಿದ್ದೇನೆ.

ಎಂಬತ್ತೆಂಟರಲ್ಲಿ ಮುನಿರಾಮಯ್ಯ ಹೋದ. ಬೆಳಗ್ಗೆ ಎದೆ ಹಿಡಿದುಕೊಂಡು ಕೂತವನು ಏಳಲೇ ಇಲ್ಲ. ಶಾಸ್ತ್ರದಂತೆ ಕೂರಿಸಿದೆವು. ಆಮೇಲೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಫೋಟೋ ತೆಗೆಯುವವನೇ ಹೆಣವಾಗಿ ಕೂತಿದ್ದಾನೆ, ಇನ್ನು ಯಾರನ್ನು ಕರೆಯುವುದು? ಒಳಗಿನಿಂದ ಮುನಿಲಕ್ಷ್ಮಮ್ಮ ಕ್ಯಾಮೆರಾ ಹಿಡಿದುಕೊಂಡು ಬಂದಳು. ಹೆಂಗಸರು ಬಾಯಿ ಬಡಿದುಕೊಂಡರು. ಅವಳು ಯಾರ ಮಾತಿಗೂ ಕಿವಿಗೊಡದೆ ಗಂಡನ ಎದುರು ಮಂಡಿಯೂರಿ ಒಂದೇ ಒಂದು ಫೋಟೋ ತೆಗೆದಳು. ‘ಅತ್ತುಬಿಡು ತಾಯಿ’ ಎಂದೆ. ‘ಕಣ್ಣು ಮಂಜಾದ್ರೆ ಫೋಕಸ್ ತಪ್ತದೆ ಅಣ್ಣ’ ಎಂದಳು.

ತಿಥಿಗೆ ಮುಂಚೆ ಅದನ್ನು ತೊಳೆಯಲು ಕತ್ತಲೆ ಕೋಣೆಗೆ ಹೋದಳು. ನಮ್ಮಿಬ್ಬರ ಅಂಗಡಿಗೂ ನಡುವೆ ಒಂದು ಹಲಗೆಯ ಗೋಡೆ. ಗಂಡನ ಮುಖ ತಟ್ಟೆಯಲ್ಲಿ ಮೂಡಿದ ಗಳಿಗೆ ಯಾವುದೆಂದು ನನಗೆ ಈಚೆಯಿಂದಲೇ ಗೊತ್ತಾಯಿತು. ಅಷ್ಟು ದಿನದ್ದೆಲ್ಲ ಒಟ್ಟಿಗೆ ಅತ್ತಳು ಪುಣ್ಯಾತ್ಗಿತ್ತಿ. ನಾನು ಮೆಷಿನ್ ನಿಲ್ಲಿಸಿ ತಲೆ ಬಗ್ಗಿಸಿ ಕೂತೆ. ಆ ಫೋಟೋಗೆ ಕಣ್ಣನ್ನೂ ಅವಳೇ ಬರೆದಳು, ಯಾರನ್ನೂ ಕಿಟಕಿಯ ಬಳಿ ಕೂರಿಸಿಕೊಳ್ಳದೆ. ‘ತಾಲ್ಲೂಕಿಗೆಲ್ಲ ಫೋಟೋ ತೆಗೆದ್ರು. ಬದುಕಿದ್ದಾಗಿನ ಅವರ್ದೊಂದು ಇಲ್ಲ ನೋಡಿ ಅಣ್ಣ. ಯಾವಾಗ್ಲೂ ಕ್ಯಾಮೆರಾ ಹಿಂದೇನೇ ನಿಂತಿದ್ರು’ ಎಂದು ಒಂದು ಸಲ ಹೇಳಿದಳು. ಅದೊಂದು ಕೊರಗು ಅವಳಿಗೆ ಕೊನೆಯವರೆಗೂ ಇತ್ತು.

ಅಲ್ಲಿಂದ ಸ್ಟುಡಿಯೋ ಅವಳದೇ ಆಯಿತು. ಮೊದಮೊದಲು ‘ಹೆಂಗಸು ಏನು ಫೋಟೋ ತೆಗೀತಾಳೆ’ ಎಂದು ಮೂಗು ಮುರಿದವರೇ ಆಮೇಲೆ ಮದುವೆಗೆ ಅವಳೇ ಬರಬೇಕು ಎಂದು ಬಂದು ನಿಂತರು. ಹೆಣ್ಣುಮಕ್ಕಳು ಅವಳ ಮುಂದೆ ಸಂಕೋಚವಿಲ್ಲದೆ ನಗುತ್ತಿದ್ದರು, ಅದೇ ಕಾರಣ. ಕ್ಯಾಮೆರಾ ಎತ್ತುವ ಮೊದಲು ಅವಳು ಬಹಳ ಹೊತ್ತು ಸುಮ್ಮನೆ ನೋಡುವಳು. ‘ಬೇಗ ಹೊಡಿಯಮ್ಮ, ಮುಹೂರ್ತ ಮೀರ್ತದೆ’ ಎಂದು ಪುರೋಹಿತರು ಗೊಣಗಿದರೂ ಬೆರಳು ಅಲುಗುತ್ತಿರಲಿಲ್ಲ. ಹೊಡೆದರೆ ಒಂದೇ. ಅದು ಸರಿಯಾಗಿಯೇ ಬಂದಿರುತ್ತಿತ್ತು.

ತೊಂಬತ್ತೊಂಬತ್ತರ ಯುಗಾದಿಗೆ ಮುಂಚೆ ಅವಳ ತಮ್ಮ ವಸಂತ ಬೆಂಗಳೂರಿನಿಂದ ಬಂದ. ಅಲ್ಲಿ ಜಾಹೀರಾತು ಮಾಡುವ ಕಂಪನಿಯಲ್ಲಿ ಅವನಿಗೆ ಕೆಲಸ. ಕೈಯಲ್ಲಿ ಇಟ್ಟಿಗೆ ಗಾತ್ರದ ಕ್ಯಾಮೆರಾ. ಫಿಲಮ್ಮೇ ಬೇಡವಂತೆ, ಹೊಟ್ಟೆಯೊಳಗೆ ಕಂಪ್ಯೂಟರಿನ ಫ್ಲಾಪಿ ಹಾಕಿದರೆ ಸಾಕಂತೆ. ‘ಪಿಳ್ಳಣ್ಣ, ಸ್ಮೈಲ್ ಗುರು’ ಎಂದ. ನಾನು ಹಲ್ಲು ಬಿಟ್ಟೆ. ಕ್ಯಾಮೆರಾ ತಿರುಗಿಸಿ ಬೆನ್ನಿನಲ್ಲಿದ್ದ ಪುಟ್ಟ ಪರದೆ ತೋರಿಸಿದ. ನಾನಿನ್ನೂ ನಗು ಮುಗಿಸಿರಲಿಲ್ಲ, ನನ್ನ ನಗು ಆಗಲೇ ಪೆಟ್ಟಿಗೆಯೊಳಗಿತ್ತು! ಕತ್ತಲೆ ಕೋಣೆ ಇಲ್ಲ, ಕೆಂಪು ದೀಪ ಇಲ್ಲ, ತಟ್ಟೆ ಇಲ್ಲ. ಸುಳ್ಳು ಯಾಕೆ ಹೇಳಲಿ, ಅವತ್ತೂ ನನಗೆ ಮಾತು ಹೊರಡಲಿಲ್ಲ.

‘ಅಕ್ಕಾ, ನೀನೇ ಯೋಚ್ನೆ ಮಾಡು’ ಎಂದ ವಸಂತ. ‘ರೋಲು, ಕೆಮಿಕಲ್ಲು, ಪೇಪರು, ಕಲರ್ ಆದ್ರೆ ಬೆಂಗಳೂರು ಲ್ಯಾಬಿಗೆ ಓಡಾಟ. ಇದರಲ್ಲಿ ಒಂದು ತೆಗೆದ್ರೂ ಅಷ್ಟೇ, ನೂರು ತೆಗೆದ್ರೂ ಅಷ್ಟೇ. ಎಲ್ಲಾ ಬಿಟ್ಟಿ.’

‘ಕ್ಯಾಮೆರಾಗೆ ಎಷ್ಟಪ್ಪ?’ ಎಂದಳು ಅವಳು.

ವಸಂತ ತಲೆ ಕೆರೆದುಕೊಂಡ. ‘ಅದು ಆಫೀಸಿಂದು. ಕೊಳ್ಳೋದಾದ್ರೆ ನಮ್ಮೂರ ಕಡೆ ಒಂದು ಸೈಟ್ ಬರ್ತದೆ ಅನ್ಕೋ.’

‘ಕಂಪ್ಯೂಟರು?’

‘ಅದೂ ಬೇಕು.’

‘ಅಲ್ಲಿಗೆ ಇನ್ನೊಂದು ಸೈಟು’ ಎಂದು ನಾನು ನಕ್ಕೆ. ಬಿಟ್ಟಿ ಫೋಟೋಗೆ ಎರಡು ಸೈಟು! ಆದರೆ ಮುನಿಲಕ್ಷ್ಮಮ್ಮ ನಗಲಿಲ್ಲ. ‘ನಗಬೇಡಿ ಅಣ್ಣ. ಇದು ನಿಲ್ಲೋದಲ್ಲ, ಮುಂದೆ ಎಲ್ಲಾ ಇದೇ’ ಎಂದು ಕ್ಯಾಮೆರಾವನ್ನು ಹಸುಗೂಸಿನ ಹಾಗೆ ಎರಡು ಕೈಯಲ್ಲಿ ಎತ್ತಿಕೊಂಡಳು. ಚೆನ್ನಾಗಿ ಬರದಿದ್ದರೆ ಅಳಿಸಬಹುದು ಎಂದು ವಸಂತ ಒಂದು ಗುಂಡಿ ಒತ್ತಿ ತೋರಿಸಿದ. ನನ್ನ ಹಲ್ಲು ಮಾಯವಾಯಿತು.

‘ಅಳಿಸಿದ್ದು ಎಲ್ಲಿಗೆ ಹೋಗ್ತದೆ?’ ಎಂದಳು.

‘ಎಲ್ಲಿಗೂ ಇಲ್ಲಕ್ಕಾ. ಹೋಯ್ತು, ಅಷ್ಟೇ.’

‘ನಮ್ದ್ರಲ್ಲಿ ಕೆಟ್ಟಿದ್ದೂ ಉಳೀತದೆ. ಕಾಸು ಕೊಟ್ಟಿರ್ತೀವಲ್ಲ, ಬಿಸಾಕಕ್ಕೆ ಮನಸು ಬರಲ್ಲ’ ಎಂದಳು. ನನಗೆ ಚೆನ್ನಾಗಿ ಅರ್ಥವಾಯಿತು. ಸೀಮೆಸುಣ್ಣದ ಗೆರೆ ಎಷ್ಟು ಸಲ ಬೇಕಾದರೂ ಒರೆಸಬಹುದು, ಕತ್ತರಿ ಬಿದ್ದರೆ ಬಿತ್ತು. ಅದಕ್ಕೇ ಕತ್ತರಿ ಎತ್ತುವಾಗ ಟೈಲರ್ ಉಸಿರು ಬಿಗಿಹಿಡಿಯುತ್ತಾನೆ.

ಇಲ್ಲಿ ನಮ್ಮ ದ್ಯಾವಮ್ಮತ್ತೆಯ ವಿಷಯ ಹೇಳಬೇಕು. ಸೂಲಿಬೆಲೆಯಲ್ಲಿರುವ ನನ್ನ ಸೋದರತ್ತೆ ಅವಳು. ಗಂಡ ಆದಿನಾರಾಯಣಪ್ಪ. ಜಮೀನು, ಹಸು, ಹಾಲು ಅಂತ ಗಟ್ಟಿ ಬದುಕು. ಮಾವ ಹುಲಿಯಂಥ ಮನುಷ್ಯ, ಆದರೆ ಕ್ಯಾಮೆರಾ ಕಂಡರೆ ದನದ ಕೊಟ್ಟಿಗೆಗೆ ಓಡಿಬಿಡುವನು. ಅವರಪ್ಪ ಯಾವುದೋ ಜಾತ್ರೆಯಲ್ಲಿ ಫೋಟೋ ತೆಗೆಸಿಕೊಂಡು ಬಂದು ವಾರದಲ್ಲೇ ಸತ್ತಿದ್ದನಂತೆ. ‘ಆ ಪೆಟ್ಗೆ ಆಯಸ್ಸು ತಿಂತದೆ’ ಅನ್ನುವುದು ಮಾವನ ಖಂಡಿತವಾದ ಮಾತು. ಅತ್ತೆಗೆ ಅದೇ ಸಂಕಟ. ಹೊಸಕೋಟೆಗೆ ಬಂದಾಗಲೆಲ್ಲ ಮುನಿಲಕ್ಷ್ಮಮ್ಮನ ಕೈ ಹಿಡಿದುಕೊಂಡು ಹೇಳುವಳು:

‘ಎಲ್ಲರ ಗೋಡೆ ಮ್ಯಾಗೂ ಹೆಣಾನೇ ನೇತಾಕವ್ರೆ ಕಣವ್ವ. ನಮ್ಮೆಜಮಾನ್ರುದ್ದು ಉಸ್ರಾಡ್ವಾಗ್ಲೇ ಒಂದು ಬೇಕು. ಒಂದೇ ಒಂದು. ಎಂಗಾರ ಮಾಡಿ ತೆಕ್ಕೊಡವ್ವ.’

‘ತೆಕ್ಕೊಡ್ತೀನಿ ದೊಡ್ಡಮ್ಮ’ ಎಂದು ಇವಳು ಮಾತು ಕೊಟ್ಟಿದ್ದಳು. ಗಂಡನದೊಂದು ಇಲ್ಲವಲ್ಲ, ಆ ನೋವು ಅವಳಿಗೆ ಗೊತ್ತಿತ್ತು.

ಯುಗಾದಿಯ ಮಾರನೆಯ ದಿನ ಹೊಸತೊಡಕು. ಅತ್ತೆಯ ಮನೆಯಲ್ಲಿ ಬಾಡೂಟಕ್ಕೆ ನೆಂಟರೆಲ್ಲ ಸೇರಿದ್ದರು. ಅಕ್ಕ ತಮ್ಮ ಇಬ್ಬರನ್ನೂ ನಾನೇ ಕರೆದುಕೊಂಡು ಹೋದೆ. ವಸಂತನ ಕ್ಯಾಮೆರಾ ಕಂಡು ಮನೆಯೇ ಹುಚ್ಚೆದ್ದಿತು. ತೆಗೆದ ತಕ್ಷಣ ನೋಡಬಹುದು ಅಂದರೆ ಸಾಮಾನ್ಯವೇ! ಮುದ್ದೆ ತಿರುವುತ್ತಿದ್ದವರು ಹಿಟ್ಟಿನ ಕೈಯಲ್ಲೇ ಓಡಿ ಬಂದರು. ಇದನ್ನೆಲ್ಲ ಮಾವ ಕೊಟ್ಟಿಗೆಯ ಬಾಗಿಲಿನಿಂದ ಇಣುಕಿ ನೋಡುತ್ತಿದ್ದ.

ವಸಂತ ಜಾಣ. ‘ಬನ್ನಿ ಯಜಮಾನ್ರೇ, ಇದು ಆ ತರದ್ದಲ್ಲ. ಬೇಡ ಅಂದ್ರೆ ಅಳಿಸಿಬಿಡಬೋದು. ನಿಮ್ಮ ಆಯಸ್ಸು ನಿಮಗೇ ವಾಪಸ್ಸು’ ಎಂದ.

‘ದಿಟವೇನ್ಲಾ?’

‘ದಿಟ ತಾತ.’

ಎಪ್ಪತ್ತು ದಾಟಿದ ಮನುಷ್ಯ, ಹುಟ್ಟಿದಂದಿನಿಂದ ಕ್ಯಾಮೆರಾಕ್ಕೆ ಬೆನ್ನು ತೋರಿಸಿದವನು, ಹೆಗಲ ಮೇಲಿನ ಕರಿ ಕಂಬಳಿ ಸರಿಮಾಡಿಕೊಂಡು ಬಂದು ಜಗುಲಿಯ ಮೇಲೆ ಕೂತುಬಿಟ್ಟ. ಅತ್ತೆ ಸೆರಗು ಹೊದ್ದುಕೊಂಡು ಪಕ್ಕದಲ್ಲಿ ಕೂತಳು. ಅವಳ ಮುಖ ನೋಡಬೇಕಿತ್ತು! ಮದುವೆಯ ದಿನವೂ ಅಷ್ಟು ಕಳೆ ಇತ್ತೋ ಇಲ್ಲವೋ. ಫಿಲಂ ಕೈಯಲ್ಲಿ ಆಗದ್ದನ್ನು ಆ ಇಟ್ಟಿಗೆ ಮಾಡಿ ತೋರಿಸಿತ್ತು, ಅದನ್ನು ಒಪ್ಪಲೇಬೇಕು.

ಆದರೆ ಫ್ಲ್ಯಾಶ್ ಹೊಳೆದೊಡನೆ ಮಾವ ಕಣ್ಣು ಮುಚ್ಚಿದ. ಎಲ್ಲರೂ ಪರದೆಗೆ ಮುತ್ತಿಕೊಂಡರು. ‘ಅಯ್ಯಯ್ಯಪ್ಪಾ! ಕಣ್ಮುಚ್ಚವ್ರೆ, ಹೆಣ ಕೂರಿಸ್ದಂಗೈತೆ! ಅಳ್ಸಪ್ಪಾ, ಅಳ್ಸು!’ ಮೊದಲು ಕೂಗಿದವಳು ದ್ಯಾವಮ್ಮತ್ತೆಯೇ. ನಮ್ಮವರಿಗೆ ಕಣ್ಣು ಮುಚ್ಚಿದ ಫೋಟೋ ಎಂದರೆ ಒಂದೇ ಅರ್ಥ. ವಸಂತ ಅಳಿಸಿದ, ಮತ್ತೆ ತೆಗೆದ, ಮಾವ ಮತ್ತೆ ಮುಚ್ಚಿದ. ‘ಅಳ್ಸು! ಅಪಶಕುನ!’ ಎಂದು ಮಗ ಬೀರೇಶ, ಸೊಸೆ ಕದಿರಮ್ಮ, ಎಲ್ಲರೂ ಕೂಗಿದರು. ಮಾವನಿಗೂ ಅದೇ ಬೇಕಿತ್ತು. ಪ್ರತಿ ಸಲವೂ ‘ಅಳಿಸಿದೆಯೇನ್ಲಾ? ಪೂರ್ತಿ ಅಳಿಸಿದೆಯಾ?’ ಎಂದು ಕೇಳಿ ಗಟ್ಟಿಮಾಡಿಕೊಳ್ಳುತ್ತಿದ್ದ. ಹೇಗೂ ಬಿಟ್ಟಿ. ನಗುನಗುತ್ತಾ ತೆಗೆದದ್ದು, ನಗುನಗುತ್ತಾ ಅಳಿಸಿದ್ದು.

ಆ ಗಲಾಟೆಯ ಮಧ್ಯೆ ನನ್ನ ಪಕ್ಕದಲ್ಲಿ ಟಿಕ್ ಎಂದಿತು. ತಿರುಗಿ ನೋಡಿದೆ. ಮುನಿಲಕ್ಷ್ಮಮ್ಮ ಗಂಡನ ಹಳೆಯ ಕ್ಯಾಮೆರಾವನ್ನು ಮೆಲ್ಲಗೆ ಸೆರಗಿನೊಳಕ್ಕೆ ಇಳಿಸುತ್ತಿದ್ದಳು. ಅರ್ಜಿ ಫೋಟೋಗಳಿಗೆಂದು ಸ್ಟುಡಿಯೋದಲ್ಲಿ ಇಟ್ಟಿದ್ದ ಕಪ್ಪುಬಿಳುಪು ರೋಲು ಅದರಲ್ಲಿತ್ತು, ಕೊನೆಯ ಒಂದು ಉಳಿದಿತ್ತಂತೆ. ಸುಮ್ಮನಿರಿ ಎಂದು ನನಗೆ ಕಣ್ಣಲ್ಲೇ ಹೇಳಿದಳು. ಅಷ್ಟರಲ್ಲಿ ವಸಂತನ ಕ್ಯಾಮೆರಾದ ಬ್ಯಾಟರಿ ಮುಗಿಯಿತು. ‘ಸಾಕು ಬಿಡ್ರಪ್ಪಾ, ಹಾಲು ಕರೆಯೋ ಹೊತ್ತಾಯ್ತು’ ಎಂದು ಮಾವ ಎದ್ದು ಹೋದ. ‘ದೀಪಾವಳಿಗೆ ಮತ್ತೆ ಬರ್ತೀನಿ ಅಜ್ಜಿ, ಕಣ್ಣು ಬಿಟ್ಟಿರೋದೇ ತೆಗೀತೀನಿ’ ಎಂದ ವಸಂತ.

ದೀಪಾವಳಿಯವರೆಗೆ ಮಾವ ಉಳಿಯಲಿಲ್ಲ. ಆಷಾಢದಲ್ಲಿ, ಹಸುವಿಗೆ ಬೂಸಾ ಕಲಸುತ್ತಿದ್ದವನು ಅಲ್ಲೇ ಒರಗಿದ. ಶಾಸ್ತ್ರದಂತೆ ಗೋಡೆಗೆ ಒರಗಿಸಿ ಕೂರಿಸಿದರು. ಫೋಟೋಗೆ ಮುನಿಲಕ್ಷ್ಮಮ್ಮನನ್ನೇ ಕರೆಸಿದರು. ಅವಳು ಕ್ಯಾಮೆರಾ ಎತ್ತಿದಾಗ ಅತ್ತೆ ಮುಖ ಆಚೆ ತಿರುಗಿಸಿಕೊಂಡಳು. ತಿಥಿಗೆ ಕಣ್ಣು ತೆರೆಸಬೇಕಿತ್ತಲ್ಲ, ಮಾವನ ಕಣ್ಣು ಬೀರೇಶನಿಗೆ ಬಂದಿದೆ ಎಂದರು. ಬೀರೇಶನನ್ನು ಕಿಟಕಿಯ ಬೆಳಕಿಗೆ ಕೂರಿಸಿ ಇವಳು ಬರೆದಳು.

‘ಆ ಹೊಸತೊಡಕಿನ ಫೋಟೋ ಏನಾಯ್ತು? ಕೊಡಬಾರದಾ?’ ಎಂದೆ.

‘ತೊಳೆದಿಟ್ಟಿದೀನಿ ಅಣ್ಣ. ನೆಗೆಟಿವ್ ಐತೆ, ಪ್ರಿಂಟ್ ಹಾಕಕ್ಕೆ ಕೈ ಬರ್ತಿಲ್ಲ. ಅವರನ್ನ ಒಂದು ಮಾತು ಕೇಳದೆ ತೆಗೆದ್ಬಿಟ್ಟೆ. ಅಳಿಸೋದು ಅಂತ ನಂಬ್ಕೊಂಡು ಕೂತಿದ್ರು. ಮೂರು ತಿಂಗಳಿಗೆ ಹೋದ್ರು. ನಿನ್ನ ಪೆಟ್ಗೇನೇ ನನ್ನ ಗಂಡನ ಆಯಸ್ಸು ತಿಂತು ಅಂತ ದೊಡ್ಡಮ್ಮ ಅಂದ್ರೆ ನಾನು ಎಲ್ಲಿ ನಿಂತ್ಕೊಳ್ಳಲಿ?’

‘ಥೂ, ಅದೆಲ್ಲ ಉಂಟಾ ತಾಯಿ?’ ಎಂದು ರೇಗಿದೆ. ರೇಗಿದೆನೇ ಹೊರತು, ನಮ್ಮತ್ತೆ ಹಾಗೆ ಅನ್ನುವುದಿಲ್ಲ ಎಂದು ಎದೆ ಮುಟ್ಟಿ ಹೇಳಲು ನನಗೂ ಧೈರ್ಯ ಬರಲಿಲ್ಲ.

ತಿಂಗಳು ಕಳೆದ ಮೇಲೆ ಒಂದು ಬೆಳಗ್ಗೆ ಅತ್ತೆಯೇ ಸೂಲಿಬೆಲೆ ಬಸ್ಸಿಳಿದು ಬಂದಳು. ಕಂಕುಳಲ್ಲಿ ಟವೆಲಿನಲ್ಲಿ ಸುತ್ತಿದ ಕಟ್ಟು ಹಾಕಿದ ಫೋಟೋ. ಸ್ಟುಡಿಯೋದ ಬೆಂಚಿನ ಮೇಲೆ ಅದನ್ನು ಬಿಚ್ಚಿಟ್ಟಳು.

‘ತಾಯಿ, ಇದು ನಮ್ಮ ಬೀರೇಶನ ಕಣ್ಣು ಕಣವ್ವ. ದೀಪ ಹಚ್ಚಿ ಗಂಡಂಗೆ ಕೈ ಮುಗಿಯಕೋದ್ರೆ ಮಗ ನೋಡ್ತಾನೆ. ನಮ್ಮೆಜಮಾನ್ರು ಇಂಗೆ ನೋಡ್ತಿರ್ಲಿಲ್ಲ. ಬ್ಯಾರೆ ಬರ್ಕೊಡು.’ ಅಷ್ಟು ಹೇಳಿದವಳೇ ಬಿಕ್ಕಿದಳು. ‘ಅವತ್ತು ಅಷ್ಟೊಂದು ತೆಗೆದ್ರಲ್ಲವ್ವ! ಒಂದಾರ ಉಳೀಬ್ಯಾಡ್ವಾ? ನಾನೇ, ಈ ಪಾಪಿ ನಾನೇ ಕೂಗಿ ಕೂಗಿ ಅಳಿಸ್ಬಿಟ್ನಲ್ಲಪ್ಪಾ ದ್ಯಾವ್ರೇ…’

ಮುನಿಲಕ್ಷ್ಮಮ್ಮ ನನ್ನ ಕಡೆ ನೋಡಿದಳು. ನಾನು ತಲೆಯಾಡಿಸಿದೆ. ಅವಳು ಎದ್ದು ಅತ್ತೆಯ ಕೈ ಹಿಡಿದು ಕತ್ತಲೆ ಕೋಣೆಗೆ ಕರೆದುಕೊಂಡು ಹೋದಳು. ‘ಅಣ್ಣಾ, ನೀವೂ ಬನ್ನಿ, ಪರದೆ ಎಳೀರಿ’ ಎಂದಳು. ನಾನೇ ಹೊಲಿದ ಪರದೆಯನ್ನು ಎಳೆದು ನಿಂತೆ.

ಕೆಂಪು ದೀಪ ಹತ್ತಿತು. ನೆಗೆಟಿವ್ ಸಿಕ್ಕಿಸಿದ ಯಂತ್ರದ ಬೆಳಕು ಮೇಲಿನಿಂದ ಕಾಗದದ ಮೇಲೆ ಒಂದಿಷ್ಟು ಹೊತ್ತು ಬಿದ್ದು ಆರಿತು. ಅವಳು ಕಾಗದವನ್ನು ತಟ್ಟೆಗೆ ಇಳಿಸಿ ತುದಿ ಎತ್ತಿ ಇಳಿಸತೊಡಗಿದಳು. ‘ಏನೂ ಇಲ್ಲವಲ್ಲವ್ವ’ ಎಂದಳು ಅತ್ತೆ. ‘ನೋಡ್ತಿರಿ ದೊಡ್ಡಮ್ಮ.’

ಮೊದಲು ಕಂಬಳಿ ಬಂತು, ಮಾವನ ಹೆಗಲ ಮೇಲಿನ ಕರಿ ಕಂಬಳಿ. ಅತ್ತೆ ಉಸಿರೆಳೆದುಕೊಂಡಳು. ಆಮೇಲೆ ಅವಳ ಸೀರೆಯ ಅಂಚು, ಹಣೆಯ ಅಗಲ ಕುಂಕುಮ. ಆಮೇಲೆ ನಿಧಾನವಾಗಿ, ನೀರಿನ ತಳದಿಂದ ಎದ್ದು ಬರುವವನಂತೆ, ಆದಿನಾರಾಯಣಪ್ಪ ಮಾವ. ಕಣ್ಣು ಗಟ್ಟಿಯಾಗಿ ಮುಚ್ಚಿದ್ದಾನೆ, ಸೂಜಿಮದ್ದಿಗೆ ಹೆದರಿದ ಮಗುವಿನ ಹಾಗೆ ಮುಖವೆಲ್ಲ ಹಿಂಡಿಕೊಂಡಿದೆ. ಒಂದು ತಿಂಗಳ ಹಿಂದೆ ಮಣ್ಣು ಮಾಡಿ ಬಂದ ಮನುಷ್ಯ ಗೇಣಗಲದ ತಟ್ಟೆಯಲ್ಲಿ ಉಸಿರಾಡುತ್ತಿದ್ದ. ಆಮೇಲೆ ಅವನ ಕೈ ಮೂಡಿತು. ಆ ಕೈ ಅತ್ತೆಯ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿತ್ತು. ಅವತ್ತು ನಾವು ಯಾರೂ ಅದನ್ನು ನೋಡಿರಲಿಲ್ಲ, ಎಲ್ಲರಿಗೂ ಕಣ್ಣಿನ ಮೇಲೇ ಕಣ್ಣು.

‘ದೊಡ್ಡಮ್ಮ, ತಪ್ಪಾಯ್ತು’ ಎಂದಳು ಮುನಿಲಕ್ಷ್ಮಮ್ಮ. ‘ಅವರನ್ನ ಕೇಳದೆ ತೆಗೆದೆ. ಇದು ಅಳಿಸಕ್ಕಾಗಲ್ಲ. ಆಯಸ್ಸು ತಿಂತದೆ ಅಂತ ಅವರು ನಂಬಿದ್ರು, ಅದಕ್ಕೇ ಇಷ್ಟು ದಿನ ಹೇಳಲಿಲ್ಲ.’

ಅತ್ತೆ ತಟ್ಟೆಯ ಮೇಲೆ ಬಗ್ಗಿಕೊಂಡೇ ಇದ್ದಳು.

‘ಕಣ್ಣು ಮುಚ್ಚಿದಾರೆ. ಬೇಕಾದ್ರೆ ತೆರೆಸಿಕೊಡ್ತೀನಿ.’

‘ಬ್ಯಾಡ’ ಎಂದಳು ಅತ್ತೆ.

‘ಹೌದು ದೊಡ್ಡಮ್ಮ, ಬೇಡ’ ಎಂದಳು ಇವಳು ಮೆಲ್ಲಗೆ. ‘ಸತ್ತೋರ ಕಣ್ಣು ನಾವು ಮುಚ್ಚಿಸಿರ್ತೀವಿ. ಇದು ಅವರೇ ಮುಚ್ಕೊಂಡಿರೋದು.’

ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡಳು. ನಾನು ಗೋಡೆಗೆ ಒತ್ತಿಕೊಂಡು ನಿಂತಿದ್ದೆ. ಬೈಯುತ್ತಾಳೋ, ಎದೆ ಬಡಿದುಕೊಳ್ಳುತ್ತಾಳೋ, ಏನೂ ತಿಳಿಯಲಿಲ್ಲ. ಅವಳು ಒಂದು ಬೆರಳನ್ನು ನೀರಿಗೆ ಇಳಿಸಿ, ಮಾವನ ಆ ಮುಷ್ಟಿಯನ್ನು ಮುಟ್ಟಿದಳು.

‘ಅವ್ರ ಆಯಸ್ಸು ಇದು ತಿಂದಿರೋದೇ ದಿಟವಾದ್ರೆ, ಅದು ಇದ್ರೊಳಗೇ ಐತೆ ಅಂತಾಯ್ತಲ್ಲವ್ವ’ ಎಂದಳು. ‘ಕೊಡಿತ್ತ. ಮನೆಗೆ ಕರ್ಕೊಂಡೋಗ್ತೀನಿ.’

ಮುನಿಲಕ್ಷ್ಮಮ್ಮ ಪ್ರಿಂಟನ್ನು ಪಕ್ಕದ ತಟ್ಟೆಯ ಮದ್ದಿಗೆ ಅದ್ದಿ, ನೀರಿನಲ್ಲಿ ತೊಳೆದಳು. ಇನ್ನೂ ಒಣಗಬೇಕು, ಸಂಜೆಗೆ ನಾನೇ ತಂದುಕೊಡುತ್ತೇನೆ ಎಂದರೂ ಅತ್ತೆ ಕೇಳಲಿಲ್ಲ. ಕಣ್ಣು ತೆರೆಸಿದ ಫೋಟೋವನ್ನು ಬೆಂಚಿನ ಮೇಲೇ ಬಿಟ್ಟು, ಇದನ್ನು ಅಂಗೈ ಮೇಲೆ ಇಟ್ಟುಕೊಂಡು, ಅದೇ ಸೆರಗಿನ ತುದಿಯಿಂದ ಗಾಳಿ ಹಾಕುತ್ತಾ ಸೂಲಿಬೆಲೆ ಬಸ್ಸು ಹತ್ತಿದಳು.